ಔತಣದ ಮೇಜಿನ ಇನ್ನೊಂದು ಲೋಟ

ಉದ್ಯೋಗದ ನಿಮಿತ್ತ ಏರ್ಪಡುವ ಔತಣಕೂಟಗಳಲ್ಲಿ ಮದ್ಯ ಮುಟ್ಟದವನ ಸ್ಥಾನವೇನು ಎಂಬ ಪ್ರಶ್ನೆ ಹೊಸತಲ್ಲ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಬಗ್ಗೆ ನನ್ನೊಡನೆ ಹೇಳಿಕೊಂಡದ್ದುಂಟು. ಕಚೇರಿಯ ಸಂತೋಷಕೂಟದಲ್ಲಿ ಕುಡಿಯುವವರಿಗೆ ಬಗೆಬಗೆಯ ಮದ್ಯ, ಕುಡಿಯದವರಿಗೆ ಮೂಲೆಯಲ್ಲೊಂದು ತಂಪುಪಾನೀಯದ ಬಾಟಲಿ, ಜೊತೆಗೆ “ಏಕೆ ಕುಡಿಯುವುದಿಲ್ಲ?” ಎಂಬ ವಿಚಾರಣೆ. ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಪರಿಚಯ, ಸ್ನೇಹ, ಮೇಲಧಿಕಾರಿಗಳ ವಿಶ್ವಾಸ ಇವೆಲ್ಲ ಬೆಳೆಯುವುದು ಇಂತಹ ಕೂಟಗಳಲ್ಲಿಯೂ ಹೌದಷ್ಟೆ. ಅಲ್ಲಿ ಮುಜುಗರಪಟ್ಟು ಬೇಗನೆ ಮನೆಗೆ ಹೊರಟುಬಿಡುವವನು ಕಳೆದುಕೊಳ್ಳುವುದು ಕೇವಲ ಒಂದು ಊಟವನ್ನಲ್ಲ. ಹಿಂದಿನವರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂದು ನೋಡುವುದು ಉಪಯುಕ್ತವೆಂದು ನನ್ನ ಭಾವನೆ.

ಮೊದಲನೆಯದು ನಮಗೆಲ್ಲ ಪರಿಚಿತವಾದ ಹೆಸರು. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಮದ್ಯ ಮಾಂಸಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದ ಮೋಹನದಾಸ ಗಾಂಧಿಯವರು ಇನ್ನರ್ ಟೆಂಪಲ್ ಎಂಬ ಸಂಸ್ಥೆಯಲ್ಲಿ ಬ್ಯಾರಿಸ್ಟರ್ ವ್ಯಾಸಂಗಕ್ಕೆ ಸೇರಿದರು. ಅಲ್ಲಿ ಪರೀಕ್ಷೆಯಷ್ಟೇ ಸಾಲದು, ಪ್ರತಿ ಅವಧಿಯಲ್ಲಿ ನಿಗದಿತ ಸಂಖ್ಯೆಯ ಔತಣಗಳಿಗೂ ಹಾಜರಾಗಬೇಕಿತ್ತು. ನಾಲ್ವರ ಗುಂಪಿಗೆ ಎರಡು ಬಾಟಲಿ ವೈನ್. ಗಾಂಧಿಯವರು ಮುಟ್ಟುವುದಿಲ್ಲವೆಂದು ತಿಳಿದೊಡನೆ ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಸಹಪಾಠಿಗಳಲ್ಲಿ ಪೈಪೋಟಿ. ಎರಡು ಬಾಟಲಿ ಮೂವರಿಗೇ ದಕ್ಕುತ್ತಿತ್ತಲ್ಲ! ಆತ್ಮಕಥೆಯಲ್ಲಿ ಅವರು ಇದನ್ನು ತಿಳಿಹಾಸ್ಯದಿಂದಲೇ ಬರೆದಿದ್ದಾರೆ. ಆದರೆ ಒಂದು ಸಂಗತಿಯನ್ನು ಗಮನಿಸಿ. ಆ ಮೇಜಿನಲ್ಲಿ ಅವರಿಗೆ ಬೆಲೆ ಬಂದದ್ದು ಅವರು ಬಿಟ್ಟುಕೊಟ್ಟ ಪಾಲಿನಿಂದ. ಊಟದ ವಿಷಯದಲ್ಲಿ ಮಾತ್ರ ಅವರೂ ಇನ್ನೊಬ್ಬ ಪಾರ್ಸಿ ವಿದ್ಯಾರ್ಥಿಯೂ ಸೇರಿ ಅರ್ಜಿ ಕೊಟ್ಟು, ಹಣ್ಣು ತರಕಾರಿಗಳನ್ನು ತರಿಸಿಕೊಳ್ಳುವ ಅನುಮತಿ ಪಡೆದರು. ಅಂದರೆ ಕೇಳಿದರೆ ಕೊಡಲು ಆ ಸಂಸ್ಥೆಗೆ ಕಷ್ಟವೇನಿರಲಿಲ್ಲ. ತಾನಾಗಿ ಯೋಚಿಸಿರಲಿಲ್ಲ, ಅಷ್ಟೆ.

ಅತಿಥಿಯ ಬದಲು ಆತಿಥೇಯನೇ ಕುಡಿಯದವನಾದರೆ ಹೇಗೆ? ಅದಕ್ಕೆ ಉದಾಹರಣೆ ಅಮೆರಿಕದಲ್ಲಿದೆ. 1877ರಿಂದ 1881ರವರೆಗೆ ಅಧ್ಯಕ್ಷರಾಗಿದ್ದ ರುದರ್‌ಫೋರ್ಡ್ ಹೇಯ್ಸ್, ರಷ್ಯದ ರಾಜಕುಮಾರರಿಗೆ ನೀಡಿದ ಒಂದು ಔತಣದ ನಂತರ ಶ್ವೇತಭವನದಲ್ಲಿ ಮದ್ಯ ಬಡಿಸುವುದನ್ನೇ ನಿಲ್ಲಿಸಿದರು. ನಿರ್ಧಾರದಲ್ಲಿ ಪತಿಯ ಪಾಲು ದೊಡ್ಡದಿದ್ದರೂ ಹಾಸ್ಯದ ಬಾಣಗಳು ಪತ್ನಿ ಲೂಸಿಯವರ ಮೇಲೆ ಬಿದ್ದವು. ಮುಂದೆ ‘ಲೆಮನೇಡ್ ಲೂಸಿ’ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಆ ಔತಣಗಳ ನಡುವೆ ಬರುತ್ತಿದ್ದ ಕಿತ್ತಳೆಹಣ್ಣಿನ ಒಂದು ತಿನಿಸಿನಲ್ಲಿ ಅಡುಗೆಯವರು ಗುಟ್ಟಾಗಿ ರಮ್ ಬೆರೆಸುತ್ತಾರೆಂದು ಅತಿಥಿಗಳು ಒಳಗೊಳಗೇ ಸಂತೋಷಪಡುತ್ತಿದ್ದರಂತೆ. ಅದು ರಮ್ಮಿನ ಪರಿಮಳವೇ ಹೊರತು ರಮ್ ಅಲ್ಲ, ಹಾಗೆ ಮಾಡಿಸಿದವನು ತಾನೇ ಎಂದು ಹೇಯ್ಸ್ ಅನಂತರ ದಿನಚರಿಯಲ್ಲಿ ಬರೆದುಕೊಂಡರು. ಮದ್ಯವೆಂದು ಮೆಚ್ಚಿದವರು ಮೆಚ್ಚಿದ್ದು ಬರಿಯ ರುಚಿಯನ್ನು!

ಅದೇ ದೇಶದಲ್ಲಿ 1869ರಲ್ಲಿ ನ್ಯೂಜೆರ್ಸಿಯ ದಂತವೈದ್ಯ ಥಾಮಸ್ ಬ್ರಾಮ್‌ವೆಲ್ ವೆಲ್ಚ್, ಪಾಶ್ಚರನ ವಿಧಾನದಂತೆ ದ್ರಾಕ್ಷಿಯ ರಸವನ್ನು ಕಾಯಿಸಿ, ಹುಳಿಯೇಳದಂತೆ ಬಾಟಲಿಯಲ್ಲಿ ಉಳಿಸುವ ಉಪಾಯ ಕಂಡುಕೊಂಡಿದ್ದರು. ಚರ್ಚಿನ ಆರಾಧನೆಗೆಂದು ತಯಾರಾದ ಈ ರಸ ರಾಜತಾಂತ್ರಿಕರ ಮೇಜಿಗೆ ಬಂದದ್ದು 1913ರ ಏಪ್ರಿಲ್‌ನಲ್ಲಿ. ವಿದೇಶಾಂಗ ಸಚಿವ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಸ್ವದೇಶಕ್ಕೆ ಮರಳಲಿದ್ದ ಬ್ರಿಟಿಷ್ ರಾಯಭಾರಿ ಜೇಮ್ಸ್ ಬ್ರೈಸ್ ಅವರಿಗೆ ನೀಡಿದ ಔತಣದಲ್ಲಿ ವೈನ್ ಇರಲಿಲ್ಲ, ದ್ರಾಕ್ಷಿಯ ರಸವಿತ್ತು. ತಾವು ಮದ್ಯ ಮುಟ್ಟದವರೆಂದೂ, ಪದವಿ ಒಪ್ಪಿಕೊಳ್ಳುವಾಗಲೇ ಅಧ್ಯಕ್ಷ ವಿಲ್ಸನ್ನರೊಡನೆ ಈ ವಿಷಯ ಮಾತನಾಡಿದ್ದೇನೆಂದೂ ಬ್ರಯನ್ ಅತಿಥಿಗಳಿಗೆ ವಿವರಿಸಿದರು. ಅತಿಥಿಗಳು ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ಪತ್ರಿಕೆಗಳು ಬಿಡಲಿಲ್ಲ. ಅಮೆರಿಕದಲ್ಲೂ ಯೂರೋಪಿನಲ್ಲೂ ‘ದ್ರಾಕ್ಷಿರಸದ ರಾಜತಂತ್ರ’ವೆಂಬ ಗೇಲಿ ಬಹುಕಾಲ ನಡೆಯಿತು.

ಮರುವರ್ಷ ನೌಕಾಖಾತೆಯ ಮುಖ್ಯಸ್ಥ ಜೋಸೀಫಸ್ ಡೇನಿಯಲ್ಸ್ ಇನ್ನೂ ಮುಂದೆ ಹೋದರು. ಅವರ 99ನೆಯ ಆಜ್ಞೆ 1914ರ ಜುಲೈ 1ರಿಂದ ಯುದ್ಧನೌಕೆಗಳಲ್ಲಿ ಮದ್ಯವನ್ನು ನಿಷೇಧಿಸಿತು. ಸಾಮಾನ್ಯ ನಾವಿಕರ ಮದ್ಯದ ಪಡಿ 1862ರಲ್ಲಿಯೇ ನಿಂತಿತ್ತು; ಅಧಿಕಾರಿಗಳ ಊಟದ ಮೇಜಿನಲ್ಲಿ ಮಾತ್ರ ವೈನ್ ಉಳಿದಿತ್ತು. ಒಂದೇ ಹಡಗಿನಲ್ಲಿ ಎರಡು ನ್ಯಾಯವೇಕೆಂಬುದು ಡೇನಿಯಲ್ಸ್‌ರ ವಾದ. ಸಮಾನತೆಯ ದೃಷ್ಟಿಯಿಂದ ಅದು ಒಪ್ಪತಕ್ಕ ಮಾತೇ. ಆದರೆ ಹಡಗಿನ ಶಿಸ್ತು ಬೇರೆ, ಇಡೀ ಸಮಾಜದ ಬದುಕು ಬೇರೆ. 1920ರ ಜನವರಿಯಲ್ಲಿ ದೇಶಕ್ಕೆಲ್ಲ ಅನ್ವಯವಾದ ಪಾನನಿಷೇಧ ಕಳ್ಳಬಟ್ಟಿಯನ್ನೂ ಕಳ್ಳಸಾಗಣೆಯನ್ನೂ ಬೆಳೆಸಿ, 1933ರ ಡಿಸೆಂಬರ್‌ನಲ್ಲಿ ರದ್ದಾಯಿತು.

ಬ್ರಿಟಿಷ್ ನೌಕಾದಳದ ಕ್ರಮ ಬೇರೆಯಾಗಿತ್ತು. ಅಲ್ಲಿ ದಿನನಿತ್ಯದ ರಮ್ ಪಡಿ 1970ರ ಜುಲೈ 31ರವರೆಗೂ ಇತ್ತು. ಅದನ್ನು ಬೇಡವೆಂದ ನಾವಿಕನಿಗೆ ಬದಲಾಗಿ ದಿನಕ್ಕೆ ಮೂರು ಪೆನ್ಸ್ ಸಲ್ಲುತ್ತಿತ್ತು. ಮೊತ್ತ ಸಣ್ಣದು, ಆದರೂ ಕುಡಿಯದವನಿಗೂ ಒಂದು ಪಾಲಿದೆ ಎಂದು ಲೆಕ್ಕದ ಪುಸ್ತಕವೇ ಒಪ್ಪಿಕೊಂಡಂತಾಯಿತಲ್ಲವೆ? ಗಾಂಧಿಯವರ ಮೇಜಿನಲ್ಲಿ ಇಲ್ಲದಿದ್ದದ್ದು ಇದೇ.

ಈ ಎಲ್ಲ ಪ್ರಸಂಗಗಳಿಂದ ನನಗೆ ಹೊಳೆಯುವುದಿಷ್ಟು. ತನ್ನ ವ್ರತವನ್ನು ಎಲ್ಲರ ಮೇಲೆ ಹೇರುವ ಆತಿಥೇಯನೂ, ತನ್ನ ಅಭ್ಯಾಸವನ್ನು ಎಲ್ಲರ ಮೇಲೆ ಹೇರುವ ಆತಿಥೇಯನೂ ಒಂದೇ ಕೊರತೆಯುಳ್ಳವರು. ಇಬ್ಬರೂ ಅತಿಥಿಯನ್ನು ಕೇಳುವುದಿಲ್ಲ. ಒಬ್ಬಾತ ಮದ್ಯ ಬೇಡವೆನ್ನಲು ಕಾರಣ ಧರ್ಮವಿರಬಹುದು, ತಾಯಿಗೆ ಕೊಟ್ಟ ಮಾತಿರಬಹುದು, ಸೇವಿಸುತ್ತಿರುವ ಔಷಧವಿರಬಹುದು, ರಾತ್ರಿ ವಾಹನ ಓಡಿಸಬೇಕಾಗಿರಬಹುದು. ಬಹುಕಷ್ಟದಿಂದ ಆ ಚಟದಿಂದ ಪಾರಾಗಿ ಬಂದವನೂ ಇರಬಹುದು. ಗರ್ಭಿಣಿಯಾದ ಹೆಣ್ಣುಮಗಳು ಆ ಸುದ್ದಿಯನ್ನು ಇನ್ನೂ ಯಾರಿಗೂ ತಿಳಿಸದೆ ಇರಬಹುದು. ಕಾರಣವನ್ನು ಸಭೆಯಲ್ಲಿ ಹೇಳಿಸುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಮಲೆನಾಡಿನ ಮನೆಗಳಲ್ಲಿ ಬಂದವರನ್ನು “ಆಸರಿಗೆ ಏನು ಬೇಕು?” ಎಂದು ಕೇಳುವ ರೂಢಿಯುಂಟು. ಬೆಲ್ಲ ನೀರೋ, ಮಜ್ಜಿಗೆಯೋ, ಕಾಫಿಯೋ ಅತಿಥಿಯೇ ಹೇಳುತ್ತಾನೆ. ಏಕೆ ಕಾಫಿ ಬೇಡ ಎಂದು ಯಾರೂ ಪಾಟೀಸವಾಲು ಮಾಡುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಇಂದು ಹತ್ತಾರು ಜನರ ಮೇಲಧಿಕಾರಿಗಳಾಗಿ ಇಂತಹ ಕೂಟಗಳನ್ನು ಏರ್ಪಡಿಸುವವರಿದ್ದೀರಿ. ನಿಂಬೆಹಣ್ಣಿನ ಪಾನಕ, ಒಗ್ಗರಣೆಯ ನೀರುಮಜ್ಜಿಗೆ, ಪುನರ್ಪುಳಿಯ ಶರಬತ್ತು, ಎಳನೀರು ಇವೇನೂ ನಮಗೆ ದುರ್ಲಭವಲ್ಲ. ಅವನ್ನು ಮೂಲೆಯಲ್ಲಿಡದೆ ಅದೇ ಮೇಜಿನ ಮೇಲೆ, ಅಷ್ಟೇ ಚೆಂದದ ಲೋಟಗಳಲ್ಲಿ ಇಡಿಸಿರಿ. ಹೊಸದಾಗಿ ಕೆಲಸಕ್ಕೆ ಸೇರಿದ, ಸಂಕೋಚ ಸ್ವಭಾವದ ಹುಡುಗನೊಬ್ಬ ಆ ಲೋಟವನ್ನೆತ್ತಿಕೊಂಡು ಕೊನೆಯವರೆಗೂ ನಿಶ್ಚಿಂತೆಯಿಂದ ನಿಮ್ಮ ನಡುವೆ ನಿಂತಿದ್ದರೆ, ನೀವು ಒಳ್ಳೆಯ ಆತಿಥೇಯರೆಂದು ನಾನು ಪೂರ್ಣ ಅಂಕ ಕೊಡುತ್ತೇನೆ.