ಹೆಬ್ಬೆಟ್ಟು ಒತ್ತುವ ಮುನ್ನ: ಬ್ಯಾಂಕ್ ವಂಚನೆಯ ಬಗ್ಗೆ ತಿಳಿದಿರಬೇಕಾದ ವಿಷಯಗಳು

ನಮ್ಮ ಕರಾವಳಿಯ ಕಟ್ಟಡ ಹಾಗೂ ರಸ್ತೆ ಕಾಮಗಾರಿಗಳಲ್ಲಿ ದುಡಿಯುವವರಲ್ಲಿ ಕೊಪ್ಪಳ ಜಿಲ್ಲೆಯವರು ಅನೇಕರು. ಬಟವಾಡೆಯಲ್ಲಿ ಉಳಿದದ್ದನ್ನು ಅವರು ಊರಿನ ಖಾತೆಗೆ ಹಾಕುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮನೆಯವರು ಆ ಹಣವನ್ನು ಹೆಚ್ಚಾಗಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಪಡೆಯುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನೂ ಹಲವರು ತೆಗೆಯುವುದು ಹೀಗೆಯೇ. ಆದ್ದರಿಂದ ಒಟಿಪಿ ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯೊಂದೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನರಿಗೆ ಸಾಲದು ಎಂದು ನಮ್ಮ ಅಭಿಪ್ರಾಯ. ಹೆಬ್ಬೆಟ್ಟಿಗೆ ಒಟಿಪಿ ಇಲ್ಲ.

ಇದು ಬರಿಯ ಊಹೆಯಲ್ಲ. 2023ರಲ್ಲಿ ಮಂಗಳೂರಿನಲ್ಲಿ ಉಪನೋಂದಣಿ ಕಚೇರಿಯಲ್ಲಿ ಆಸ್ತಿ ಪತ್ರ ನೋಂದಾಯಿಸಿದವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಯಾರ ಫೋನಿಗೂ ಕರೆ ಬಂದಿರಲಿಲ್ಲ. ಕಾವೇರಿ ತಂತ್ರಾಂಶದ ಪತ್ರಗಳಿಂದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚನ್ನು ನಕಲು ಮಾಡಿ ವಂಚಕರು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಬಿಹಾರ ಮೂಲದ ಆರೋಪಿಗಳನ್ನು ಪೊಲೀಸರು ಬಂಧಿಸಿದರು. ಈ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು. ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ.

ಇದಕ್ಕೆ ಪರಿಹಾರವಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು. ಒಂದು ಮಾತು ನೆನಪಿರಲಿ: ಲಾಕ್ ಮಾಡಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ನಡೆಯದು, ಹೋಗುವ ಮೊದಲು ತಾತ್ಕಾಲಿಕವಾಗಿ ತೆರೆಯಬೇಕು. ಇದನ್ನು ಹೇಳದೆ ಲಾಕ್ ಮಾಡಿಕೊಟ್ಟರೆ ಆ ಮನೆಯ ಅಜ್ಜಿ ರೇಷನ್ ಇಲ್ಲದೆ ಮರಳಬೇಕಾದೀತು.

ಗಂಗಾವತಿಯ ಭತ್ತದ ಗದ್ದೆಗಳಲ್ಲಿ, ಕಲ್ಲು ಮಣ್ಣಿನ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಹಲವು ಸಲ ಗುರುತಿಸುವುದಿಲ್ಲ. "ಹಿಡೀಲಿಲ್ಲ ಅಮ್ಮಾ, ಇನ್ನೊಮ್ಮೆ ಒತ್ತು" ಎಂಬ ಮಾತು ನಿಜವೂ ಇರಬಹುದು, ಎರಡನೆಯ ಸಲ ಹಣ ತೆಗೆಯುವ ನೆಪವೂ ಇರಬಹುದು. ಬಹುತೇಕ ಬ್ಯಾಂಕ್ ಮಿತ್ರರು ಪ್ರಾಮಾಣಿಕರು. ಆದರೂ ಪ್ರತಿಸಲ ರಸೀದಿ ಕೇಳಿ ಪಡೆಯಿರಿ. ಯಂತ್ರ ವಿಫಲವೆಂದು ತೋರಿಸಿದರೆ ಆ ಚೀಟಿಯನ್ನೂ ಕೇಳಿರಿ. ಕೆಲವು ಮನೆಗಳಲ್ಲಿ ತಾಯಿಯ ಖಾತೆಗೆ ಜೋಡಿಸಿದ್ದು ಮಂಗಳೂರಿನಲ್ಲಿರುವ ಮಗನ ಮೊಬೈಲ್. ಸಂದೇಶ ಬಂದ ಕೂಡಲೇ ಮಗ ಊರಿಗೆ ಫೋನ್ ಮಾಡಿ "ಯವ್ವಾ, ಈಗ ರೊಕ್ಕ ತೆಗೆದೇನು?" ಎಂದು ಕೇಳುವ ರೂಢಿ ಇಟ್ಟುಕೊಂಡರೆ ಒಳ್ಳೆಯದು.

ಬ್ಯಾಂಕಿನ ಹೆಸರು ಬದಲಾಗುವ ಕಾಲದಲ್ಲೂ ಜಾಗ್ರತೆ ಬೇಕು. ಕೊಪ್ಪಳದವರ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ, ನಮ್ಮವರ ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕ್‌ಗಳು 2020ರಲ್ಲಿ ವಿಲೀನವಾದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಒಂದಾದವು. "ಬ್ಯಾಂಕ್ ಬದಲಾಗಿದೆ, ಕೆವೈಸಿ ಮಾಡಿಸಿ" ಎಂದು ಕರೆ ಬಂದರೆ ಫೋನ್ ಇಟ್ಟುಬಿಡಿ, ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ ವಿಚಾರಿಸಿ. ವಾಟ್ಸಾಪ್‌ನಲ್ಲಿ ಪಿಎಂ ಕಿಸಾನ್ ಅಥವಾ ದಂಡದ ಚಲನ್ ಹೆಸರಿನಲ್ಲಿ ಬರುವ ಎಪಿಕೆ ಕಡತವನ್ನು ತೆರೆಯಲೇಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. 'ಡಿಜಿಟಲ್ ಬಂಧನ' ಎಂಬುದು ಕಾನೂನಿನಲ್ಲಿಯೇ ಇಲ್ಲ.

ಹಣ ಹೋದದ್ದು ತಿಳಿದರೆ ಮೊದಲು 1930ಕ್ಕೆ ಕರೆ ಮಾಡಿರಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವ ಮುನ್ನ ಅದನ್ನು ತಡೆಹಿಡಿಯಲು ಅವಕಾಶವಿರುವುದು ಆಗಲೇ. ನಂತರ ಬ್ಯಾಂಕಿಗೆ ಲಿಖಿತ ದೂರು ಕೊಡಿ, ಕೊಪ್ಪಳದ ಸಿಇಎನ್ ಪೊಲೀಸ್ ಠಾಣೆಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆಯಂತೆ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ತಪ್ಪು ಗ್ರಾಹಕನದೇ ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಇದನ್ನು ತಿಳಿಯದೆ ಎಷ್ಟೋ ಮಂದಿ ನಾಚಿಕೆಯಿಂದ ಸುಮ್ಮನಿದ್ದು ದಿನ ಕಳೆಯುತ್ತಾರೆ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448.