ಕೊನೆಭಾಗಕ್ಕೆ ಮುಟ್ಟಿತೇ ಔಷಧ?

ಸಿಂಧನೂರು ಸೀಮೆಯ ರೈತನಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ಎಷ್ಟು ನೀರು ಬಿಟ್ಟರು ಎಂಬುದು ಒಂದು ಸಂಖ್ಯೆ. ಕಾಲುವೆಯ ಕೊನೆಭಾಗದ ಹೊಲಕ್ಕೆ ಎಷ್ಟು ನೀರು ಮುಟ್ಟಿತು ಎಂಬುದು ಇನ್ನೊಂದು. ಮೊದಲನೆಯದು ಅಧಿಕಾರಿಗಳ ವರದಿಯಲ್ಲಿ ಸಿಗುತ್ತದೆ. ಎರಡನೆಯದನ್ನು ತಿಳಿಯಬೇಕಾದರೆ ಕೆಳಗಿನ ಗೇಜ್ ನೋಡಬೇಕು, ಇಲ್ಲವೇ ಹೊಲಕ್ಕೇ ಹೋಗಬೇಕು.

ಎಚ್‌ಐವಿ ಚಿಕಿತ್ಸೆಯ ಇತಿಹಾಸವೂ ಬಹುಮಟ್ಟಿಗೆ ಇದೇ ಎರಡು ಲೆಕ್ಕಗಳ ಇತಿಹಾಸ. ಎಷ್ಟು ಜನರಿಗೆ ಗುಳಿಗೆ ಕೊಟ್ಟೆವು ಎಂದು ಎಣಿಸುವುದು ಸುಲಭ. ಆ ಗುಳಿಗೆ ರೋಗಿಯ ರಕ್ತದಲ್ಲಿ ಕೆಲಸ ಮಾಡಿತೇ ಎಂದು ಎಲ್ಲರಲ್ಲೂ ಅಳೆಯುವ ಹಂತಕ್ಕೆ ಬರಲು ನಮ್ಮ ದೇಶಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಇಂದಿನ ಚೆನ್ನೈಯಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಸೋಂಕು ಕಂಡುಬಂತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ‘ನ್ಯಾಕೊ’, ಆರಂಭವಾಯಿತು. ಆಗ ಸರ್ಕಾರದ ಕೈಯಲ್ಲಿದ್ದ ಅಳತೆಗೋಲು ಒಂದೇ: ಎಷ್ಟು ಮಂದಿಗೆ ಸೋಂಕು ತಗುಲಿದೆ ಎಂಬುದು. ಫಲಕಾರಿ ಚಿಕಿತ್ಸೆಯೇ ಇಲ್ಲದಿದ್ದಾಗ ಬೇರೇನನ್ನು ಅಳೆಯಲು ಸಾಧ್ಯವಿತ್ತು?

1996ರಲ್ಲಿ ಈ ಸ್ಥಿತಿ ಬದಲಾಯಿತು. ಕೆನಡಾದ ವ್ಯಾಂಕೋವರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ, ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಾಣುವನ್ನು ಅದುಮಿಡಬಹುದು ಎಂಬುದು ಜಗತ್ತಿಗೆ ತಿಳಿಯಿತು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ಬೆಲೆಯ ಔಷಧ ಲಿಂಗಸುಗೂರಿನ ಕೂಲಿಕಾರನಿಗೆ ಇದ್ದರೂ ಇಲ್ಲದಂತೆಯೇ. 2001ರಲ್ಲಿ ಮುಂಬೈನ ಸಿಪ್ಲಾ ಕಂಪೆನಿಯು ಇಂಥ ಮೂರು ಔಷಧಗಳನ್ನು ವರ್ಷಕ್ಕೆ ಸುಮಾರು 350 ಡಾಲರ್‌ಗೆ ಕೊಡುವುದಾಗಿ ಘೋಷಿಸಿದಾಗ ಜಗತ್ತು ಬೆರಗಾಯಿತು. 2004ರ ಏಪ್ರಿಲ್ 1ರಂದು ಸರ್ಕಾರವು ಎಂಟು ಕೇಂದ್ರಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ರಾಯಚೂರು ಜಿಲ್ಲೆಯವರಿಗೆ ಅದು ರಾತ್ರಿಯಿಡೀ ಪ್ರಯಾಣದ ದೂರ. ಮುಂದಿನ ವರ್ಷಗಳಲ್ಲಿ ಚಿಕಿತ್ಸೆ ಜಿಲ್ಲಾ ಕೇಂದ್ರಗಳಿಗೆ, ಅಲ್ಲಿಂದ ತಾಲ್ಲೂಕುಗಳತ್ತ ಸರಿಯುತ್ತ ಬಂತು.

ಔಷಧವೇನೋ ಬಂತು. ಅದು ಫಲಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ? ಆರಂಭದ ವರ್ಷಗಳಲ್ಲಿ ವೈದ್ಯರು ನೆಚ್ಚಿಕೊಂಡಿದ್ದು ಸಿಡಿ4 ಪರೀಕ್ಷೆಯನ್ನು. ದೇಹವನ್ನು ರೋಗಗಳಿಂದ ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳ ಎಣಿಕೆ ಅದು. ಅದು ಉಪಯುಕ್ತವೇ ಹೌದು, ಆದರೆ ತಡವಾಗಿ ಮಾತನಾಡುವ ಸಾಕ್ಷಿ. ಔಷಧ ಸೋತು ವೈರಾಣು ಮತ್ತೆ ಬೆಳೆಯತೊಡಗಿದರೂ ಸಿಡಿ4 ಎಣಿಕೆ ಇಳಿಯಲು ಅನೇಕ ತಿಂಗಳು ಬೇಕಾಗಬಹುದು. ಅಷ್ಟರಲ್ಲಿ ವೈರಾಣು ಆ ಔಷಧಕ್ಕೆ ಬಗ್ಗದಂತೆ ಬದಲಾಗಿರುತ್ತದೆ. ಬೆಳೆ ಒಣಗಿದ ಮೇಲೆ ಕಾಲುವೆ ನೋಡಲು ಹೋದಂತೆ.

‘ವೈರಲ್ ಲೋಡ್’ ಪರೀಕ್ಷೆ ನೇರವಾಗಿ ಕಾಲುವೆಯನ್ನೇ ನೋಡುತ್ತದೆ. ಒಂದು ಮಿಲಿ ಲೀಟರ್ ರಕ್ತದಲ್ಲಿ ವೈರಾಣುವಿನ ಎಷ್ಟು ಪ್ರತಿಗಳಿವೆ ಎಂಬುದನ್ನು ಅದು ಎಣಿಸುತ್ತದೆ. ಸಾವಿರಕ್ಕಿಂತ ಕಡಿಮೆ ಇದ್ದರೆ ವೈರಾಣು ಹತೋಟಿಯಲ್ಲಿದೆ ಎಂದರ್ಥ. ಚಿಕಿತ್ಸೆ ಚೆನ್ನಾಗಿ ನಡೆದರೆ ಅದು ಯಂತ್ರಕ್ಕೇ ಕಾಣದಷ್ಟು ಇಳಿಯುತ್ತದೆ. ಈ ಪರೀಕ್ಷೆಗೆ ದುಬಾರಿ ಯಂತ್ರ ಬೇಕು, ತರಬೇತಾದವರು ಬೇಕು, ರಕ್ತದ ಮಾದರಿಯನ್ನು ತಂಪಾಗಿಟ್ಟು ಸಾಗಿಸಬೇಕು. ಹಾಗಾಗಿ ಬಹುಕಾಲ ಚಿಕಿತ್ಸೆ ಸೋತಿರಬಹುದೆಂಬ ಶಂಕೆ ಇದ್ದವರಿಗೆ ಮಾತ್ರ ಇದನ್ನು ಮಾಡಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಭಾರತವು ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಈ ಪರೀಕ್ಷೆಯನ್ನು ಆರಂಭಿಸಿದ್ದು 2018ರ ಫೆಬ್ರುವರಿಯಲ್ಲಿ.

ಸಂಖ್ಯೆ ಸಾವಿರ ದಾಟಿದರೆ ರೋಗಿಯನ್ನು ಗದರಿಸಿ ಕಳಿಸುವಂತಿಲ್ಲ. ಗುಳಿಗೆ ಏಕೆ ತಪ್ಪಿತು ಎಂದು ಕುಳಿತು ಮಾತನಾಡಿ, ಕೆಲವು ತಿಂಗಳ ಆಪ್ತಸಮಾಲೋಚನೆಯ ನಂತರ ಮತ್ತೆ ಪರೀಕ್ಷಿಸಬೇಕು. ಆಗಲೂ ಇಳಿಯದಿದ್ದರೆ ಔಷಧ ಬದಲಿಸಬೇಕು. ನಿಜವಾದ ಚಿಕಿತ್ಸೆ ಆರಂಭವಾಗುವುದೇ ಈ ‘ಏಕೆ’ ಎಂಬ ಪ್ರಶ್ನೆಯಿಂದ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ತಿಂಗಳಿಗೊಮ್ಮೆ ಗುಳಿಗೆ ಕೊಡುವ ಪದ್ಧತಿಯಿದ್ದರೆ, ಕಟ್ಟಡದ ಕೆಲಸಕ್ಕೆ ಹೋದವನು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಊರಿಗೆ ಬರಬೇಕು. 2020ರ ಕೋವಿಡ್ ಲಾಕ್‌ಡೌನ್ ಸಮಯದಲ್ಲಿ ಎರಡು ಮೂರು ತಿಂಗಳ ಔಷಧವನ್ನು ಒಟ್ಟಿಗೆ ಕೊಡಲು ಅನುಮತಿ ದೊರೆಯಿತು. ಸೋಂಕಿತನ ಬೇಜವಾಬ್ದಾರಿ ಎಂದು ನಾವು ಕರೆಯುವುದು ಎಷ್ಟೋ ಸಲ ವ್ಯವಸ್ಥೆಯ ತೊಡಕಾಗಿರುತ್ತದೆ.

ಇನ್ನೊಂದು ತೊಡಕು ಹೆಸರಿನದು. ಮಸ್ಕಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಶಾಸನ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಿಂದಷ್ಟೇ ಕರೆಸಿಕೊಂಡಿದ್ದ ದೊರೆಯ ‘ಅಶೋಕ’ ಎಂಬ ಹೆಸರು ಅದರಲ್ಲಿತ್ತು. ಹೆಸರು ಬೆಳಕಿಗೆ ಬಂದದ್ದಕ್ಕೇ ಈ ಊರು ಪ್ರಸಿದ್ಧ. ಆದರೆ ಎಚ್‌ಐವಿ ಇರುವವರಿಗೆ ಹೆಸರು ಬಯಲಾಗುವುದೇ ದೊಡ್ಡ ಭಯ. ಚಿಕಿತ್ಸೆ ಮನೆಯ ಹತ್ತಿರ ಬಂದರೆ ಬಸ್ಸಿನ ಖರ್ಚು ಉಳಿಯುತ್ತದೆ, ಆದರೆ ಸಾಲಿನಲ್ಲಿ ಪರಿಚಯದವರು ಎದುರಾಗುವ ಅಂಜಿಕೆ ಹೆಚ್ಚುತ್ತದೆ. ವೈರಾಣು ಪ್ರಮಾಣವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ದಾಖಲೆ ಬೇಕು. ಆ ದಾಖಲೆ ಗುಟ್ಟಾಗಿಯೂ ಇರಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿತರಿಗೆ ತಾರತಮ್ಯ ಮಾಡುವುದನ್ನೂ ನಿಷೇಧಿಸಿದೆ, ಮಾಹಿತಿಯನ್ನು ಗೋಪ್ಯವಾಗಿಡಲು ಕಟ್ಟುಪಾಡು ವಿಧಿಸಿದೆ.

ಇಷ್ಟೆಲ್ಲ ಕಷ್ಟಪಟ್ಟು ಅಳೆಯುವುದರಿಂದ ಬರುವ ಲಾಭ ರೋಗಿಯ ಆಯುಸ್ಸಿಗೆ ಮಾತ್ರ ಸೀಮಿತವಲ್ಲ. ಪುಣೆ ಮತ್ತು ಚೆನ್ನೈ ಕೇಂದ್ರಗಳೂ ಭಾಗವಹಿಸಿದ್ದ ‘ಎಚ್‌ಪಿಟಿಎನ್ 052’ ಎಂಬ ಅಧ್ಯಯನದ ಫಲಿತಾಂಶ 2011ರಲ್ಲಿ ಹೊರಬಂತು. ಬೇಗನೆ ಚಿಕಿತ್ಸೆ ಕೊಟ್ಟರೆ ಬಾಳಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ನಂತರದ ಅಧ್ಯಯನಗಳು ಇನ್ನೂ ಮುಂದೆ ಹೋದವು. ವೈರಾಣು ಯಂತ್ರಕ್ಕೆ ಕಾಣದಷ್ಟು ಇಳಿದು ಅಲ್ಲಿಯೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ ಎಂಬುದನ್ನು ಇಂದು ವೈದ್ಯಲೋಕ ಒಪ್ಪಿದೆ. ಗಂಡನಿಂದ ಸೋಂಕು ಪಡೆದು, ಕಳಂಕವನ್ನು ಮಾತ್ರ ತಾನೇ ಹೊತ್ತ ಹೆಣ್ಣುಮಗಳಿಗೆ ಪ್ರಯೋಗಾಲಯದ ಈ ಒಂದು ಸಾಲು ಏನಾಗಿರಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಆದರೆ ಸಂಖ್ಯೆಗಳನ್ನು ಓದುವಾಗ ಎಚ್ಚರ ಬೇಕು. 2023–24ರ ನ್ಯಾಕೊ ಲೆಕ್ಕದ ಪ್ರಕಾರ ದೇಶದಲ್ಲಿ ಸೋಂಕಿರುವವರಲ್ಲಿ ಶೇ 81 ಮಂದಿಗೆ ತಮ್ಮ ಸ್ಥಿತಿ ಗೊತ್ತು. ಅವರಲ್ಲಿ ಶೇ 88 ಮಂದಿ ಚಿಕಿತ್ಸೆಯಲ್ಲಿದ್ದಾರೆ. ಚಿಕಿತ್ಸೆ ಪಡೆಯುವವರಲ್ಲಿ ಶೇ 97 ಮಂದಿಯ ವೈರಾಣು ಹತೋಟಿಯಲ್ಲಿದೆ. ಕೊನೆಯ ಸಂಖ್ಯೆಯನ್ನೊಂದೇ ನೋಡಿದರೆ ಕೆಲಸ ಮುಗಿದಂತೆಯೇ ಕಾಣುತ್ತದೆ. ಆದರೆ ಮೂರನ್ನೂ ಒಂದರ ಮೇಲೊಂದಾಗಿ ಗುಣಿಸಿದರೆ, ಸೋಂಕಿರುವ ನೂರು ಮಂದಿಯಲ್ಲಿ ಹತೋಟಿ ಸಾಧಿಸಿದವರು ಸುಮಾರು 69 ಮಾತ್ರ.

ತಾಲ್ಲೂಕಿನ ಮಟ್ಟದಲ್ಲಿ ಇದೇ ಲೆಕ್ಕ ಇನ್ನೂ ಮೋಸ ಮಾಡಬಲ್ಲದು. ಒಂದು ಕೇಂದ್ರದಲ್ಲಿ ಸಾವಿರ ಮಂದಿ ಹೆಸರು ಬರೆಸಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ 600 ಮಂದಿಗೆ ಈ ವರ್ಷ ಪರೀಕ್ಷೆಯಾಗಿ, 570 ಮಂದಿಯ ಫಲಿತಾಂಶ ಚೆನ್ನಾಗಿ ಬಂದರೆ ವರದಿಯಲ್ಲಿ ಶೇ 95 ಎಂದು ಬರೆಯಬಹುದು. ಸಾವಿರಕ್ಕೆ ಹೋಲಿಸಿದರೆ ಅದು ಶೇ 57. ಉಳಿದ 400 ಮಂದಿ ಗುಳೆ ಹೋಗಿರಬಹುದು, ಬೇರೆ ಕೇಂದ್ರಕ್ಕೆ ಬದಲಾಗಿರಬಹುದು, ತೀರಿಕೊಂಡಿರಬಹುದು. ಹೆಚ್ಚು ಕಷ್ಟದಲ್ಲಿರುವವರೇ ಚಿಕಿತ್ಸೆಯಿಂದ ಹೊರಗುಳಿದರೆ ಕೇಂದ್ರದ ಶೇಕಡಾವಾರು ಏರುತ್ತದೆ. ಆರೈಕೆ ಮಾತ್ರ ಸುಧಾರಿಸಿರುವುದಿಲ್ಲ. ಹೀಗೆ ಕಣ್ಮರೆಯಾದವರನ್ನು ಹುಡುಕಿ ಕರೆತರಲೆಂದೇ 2017ರ ಡಿಸೆಂಬರ್‌ನಲ್ಲಿ ‘ಮಿಷನ್ ಸಂಪರ್ಕ್’ ಘೋಷಣೆಯಾಯಿತು.

ಆದ್ದರಿಂದ ಸಿಂಧನೂರಿನದಾಗಲಿ, ಲಿಂಗಸುಗೂರಿನದಾಗಲಿ, ಮಸ್ಕಿಯದಾಗಲಿ, ಯಾವ ವರದಿ ಕೈಗೆ ಬಂದರೂ ಕೇಳಬೇಕಾದ ಪ್ರಶ್ನೆಗಳು ಮೂರು. ಹೆಸರು ಬರೆಸಿದವರೆಷ್ಟು? ಅವರಲ್ಲಿ ಈ ವರ್ಷ ಪರೀಕ್ಷೆಯಾದವರೆಷ್ಟು? ಸಾವಿರ ದಾಟಿದವರನ್ನು ಮತ್ತೆ ಕರೆದು ಮಾತನಾಡಿಸಿದ್ದು ಎಷ್ಟು ಮಂದಿಯನ್ನು? ಅಣೆಕಟ್ಟೆಯಿಂದ ಬಿಟ್ಟ ನೀರಿನ ಲೆಕ್ಕವನ್ನಷ್ಟೇ ಕೇಳಿ ಕೊನೆಭಾಗದ ರೈತ ಎಂದೂ ಸುಮ್ಮನಾಗಿಲ್ಲ. ಇಲ್ಲಿಯೂ ಸುಮ್ಮನಾಗಬೇಕಾಗಿಲ್ಲ.