ಪಟ ತೆಗೆಯುವ ಕೈ, ಪಟ ತಿದ್ದುವ ಕೈ

1876ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಜೇಮ್ಸ್ ಫರ್ಗ್ಯುಸನ್ ಎಂಬ ವಿದ್ವಾಂಸನ ಭಾರತೀಯ ವಾಸ್ತುಶಿಲ್ಪದ ಇತಿಹಾಸಗ್ರಂಥದಲ್ಲಿ ಮೂಡುಬಿದಿರೆಯ ಬಸದಿಯೂ, ಅದರ ಕಂಬವೊಂದೂ, ಅಲ್ಲಿಯ ಜೈನಗುರುಗಳ ಸಮಾಧಿಗಳೂ, ಬೆಳ್ತಂಗಡಿಗೆ ಅನತಿದೂರದ ಗುರುವಾಯನಕೆರೆಯ ಮಂಟಪ ಮತ್ತು ಸ್ತಂಭಗಳೂ ಚಿತ್ರಗಳಾಗಿ ಸೇರಿವೆ. ತನ್ನ ಬಳಿ ಭಾರತದ ಕಟ್ಟಡಗಳ 3000ಕ್ಕೂ ಮಿಕ್ಕಿದ ಛಾಯಾಚಿತ್ರಗಳಿವೆಯೆಂದು ಆತನು ಪೀಠಿಕೆಯಲ್ಲಿಯೇ ಹೇಳಿಕೊಂಡಿದ್ದಾನೆ. ಮೂಡುಬಿದಿರೆಯ ಇಳಿಜಾರು ಮಾಡುಗಳಿಗೂ ದೂರದ ನೇಪಾಳದ ದೇಗುಲಗಳ ಮಾಡುಗಳಿಗೂ ಸಾದೃಶ್ಯವುಂಟೆಂಬ ಅವನ ಪ್ರಸಿದ್ಧವಾದ ಮಾತಿನ ಹಿಂದೆ, ಇಂತಹ ಪಟಗಳನ್ನು ಮೇಜಿನ ಮೇಲೆ ಹರಡಿ ತುಲನೆ ಮಾಡುವ ಅಭ್ಯಾಸವೇ ಇದ್ದಿರಬೇಕು. ಆದರೆ ಛಾಯಾಚಿತ್ರವನ್ನು ಅಕ್ಷರದ ಮೊಳೆಗಳೊಡನೆ ಒಂದೇ ಪುಟದಲ್ಲಿ ಅಚ್ಚುಹಾಕುವ ಉಪಾಯವು ಆ ಕಾಲದ ಮುದ್ರಣಾಲಯಗಳಿಗೆ ಇನ್ನೂ ಒದಗಿರಲಿಲ್ಲವಾದುದರಿಂದ, ಕೆತ್ತನೆಗಾರನೊಬ್ಬನು ಆ ಪಟವನ್ನು ಮುಂದಿಟ್ಟುಕೊಂಡು ಮರದ ಅಚ್ಚಿನ ಮೇಲೆ ಗೆರೆಗೆರೆಯಾಗಿ ಕೊರೆಯಬೇಕಾಗುತ್ತಿತ್ತು. ನೆರಳಿನಲ್ಲಿ ಮಸುಕಾದ ಕುಸುರಿಯನ್ನು ಅವನು ತನ್ನ ಊಹೆಯಿಂದ ತುಂಬುತ್ತಿದ್ದನು. ಬೇಡವೆನಿಸಿದ ಗಿಡಗಂಟಿಗಳನ್ನು ಬಿಟ್ಟುಬಿಡುವುದೂ ಅವನ ಚಿತ್ತಕ್ಕೆ ಸೇರಿದ್ದು.

ಈ ಎರಡನೆಯ ಕೈಯನ್ನು ಇಲ್ಲಿ ವಿಶೇಷವಾಗಿ ನೆನೆಯುವುದಕ್ಕೆ ಕಾರಣವುಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಂತೆಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಇಂದು ಯುವಕರು ಲಕ್ಷ ರೂಪಾಯಿ ಬೆಲೆಯ ಎರಡು ಫೋನುಗಳನ್ನು ಅಕ್ಕಪಕ್ಕ ಹಿಡಿದು ಯಾವುದರ ಕ್ಯಾಮೆರಾ ಮೇಲೆಂದು ವಾದಿಸುವಾಗ, ಅವರು ಮಸೂರಗಳನ್ನು ತೂಗುತ್ತಿದ್ದೇವೆಂದು ತಿಳಿದಿದ್ದರೂ ವಾಸ್ತವದಲ್ಲಿ ತೂಗುತ್ತಿರುವುದು ಬಹುಮಟ್ಟಿಗೆ ಈ ತಿದ್ದುವ ಕೈಯನ್ನೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಸೀಮೆಗೆ ಇದು ಹೊಸ ವಾದವೇನೂ ಅಲ್ಲ.

ಫರ್ಗ್ಯುಸನ್ನನ ಕಾಲದ ಛಾಯಾಗ್ರಾಹಕನ ಪಾಡು ಕಷ್ಟದ್ದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಬಳಕೆಗೆ ತಂದ ಹಸಿಫಲಕದ ವಿಧಾನದಲ್ಲಿ, ಗಾಜಿಗೆ ದ್ರಾವಣವನ್ನು ಸವರಿ, ಅದು ಒಣಗುವುದರೊಳಗಾಗಿ ಬೆಳಕಿಗೆ ಒಡ್ಡಿ, ಒಡನೆಯೇ ಕತ್ತಲೆಯ ಡೇರೆಯೊಳಗೆ ತೊಳೆದು ಮುಗಿಸಬೇಕು. ಅಂದರೆ ಗಾಜು, ಸೀಸೆ, ನೀರು, ಡೇರೆಗಳೆಲ್ಲವೂ ಛಾಯಾಗ್ರಾಹಕನೊಡನೆಯೇ ಗಾಡಿಯಲ್ಲಿಯೋ ಹೊರೆಯಾಳುಗಳ ತಲೆಯ ಮೇಲೆಯೋ ಘಟ್ಟದ ತಪ್ಪಲಿನ ದಾರಿಯಲ್ಲಿ ಸಾಗಬೇಕು. ಮಂಗಳೂರಿನಲ್ಲಿ 1834ರಿಂದ ನೆಲೆನಿಂತ ಬಾಸೆಲ್ ಮಿಶನ್ನಿನವರು ತೆಗೆಸಿ ಇರಿಸಿದ ನಮ್ಮ ಜಿಲ್ಲೆಯ ಹಳೆಯ ಪಟಗಳು ಇಂದಿಗೂ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿವೆ. ನಮ್ಮ ಮುತ್ತಜ್ಜಂದಿರ ಮುಖಗಳಲ್ಲಿ ಕೆಲವನ್ನು ನಮಗಿಂತ ಚೆನ್ನಾಗಿ ಆ ಊರಿನವರು ಕಾಪಾಡಿದ್ದಾರೆಂಬುದು ಸಂತೋಷಪಡಬೇಕಾದ ಸಂಗತಿಯೋ ನಾಚಬೇಕಾದ ಸಂಗತಿಯೋ ತಿಳಿಯದು.

ಪೇಟೆಗಳಿಗೆ ಸ್ಟುಡಿಯೋ ಬಂದ ಮೇಲೆ ಕಥೆ ಬೇರೆಯಾಯಿತು. ಅರಮನೆಯ ಮೆಟ್ಟಿಲನ್ನೋ ಹೂದೋಟವನ್ನೋ ಬರೆದ ಪರದೆ, ಕೈಯೂರಲು ಒಂದು ಕಂಬ, ಕುಳಿತುಕೊಳ್ಳಲು ಕೊರೆದ ಕುರ್ಚಿ, ಕಪ್ಪು ಬಟ್ಟೆ ಹೊದೆದ ಮರದ ಕ್ಯಾಮೆರಾ. ಮದುವೆಯಾದ ಹೊಸತರಲ್ಲಿ ಒಂದು ಪಟ, ಮಗುವಿಗೆ ವರ್ಷ ತುಂಬಿದಾಗ ಒಂದು, ಮುಂದೆ ಬೊಂಬಾಯಿಗೋ ಗಲ್ಫಿಗೋ ಹೊರಟಾಗ ಪಾಸ್‌ಪೋರ್ಟಿಗೆಂದು ಇನ್ನೊಂದು. ಆ ಕಾಲದಲ್ಲಿ ಯಾವ ಸ್ಟುಡಿಯೋ ಒಳ್ಳೆಯದೆಂಬ ಚರ್ಚೆಯಲ್ಲಿ ಕ್ಯಾಮೆರಾದ ಹೆಸರು ಬರುತ್ತಿದ್ದುದೇ ಅಪರೂಪ. ಅಲ್ಲಿ ಕೇಳಿಬರುತ್ತಿದ್ದುದು ಟಚಿಂಗಿನ ಮಾತು. ನೆಗೆಟಿವನ್ನು ಬೆಳಕಿನ ಹಲಗೆಗೆ ಆನಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಸಿಡುಬಿನ ಕಲೆಯನ್ನೂ ಕಣ್ಣಿನ ಕೆಳಗಿನ ಕಪ್ಪನ್ನೂ ಸಣ್ಣ ಸಣ್ಣ ಚುಕ್ಕೆಗಳಿಂದ ಮುಚ್ಚುವ ಆ ವಿದ್ಯೆಯಲ್ಲಿ ಒಬ್ಬೊಬ್ಬನ ಕೈ ಒಂದೊಂದು ತೆರ. ಒಬ್ಬನು ಮುಖವನ್ನು ಮೊಟ್ಟೆಯ ಹಾಗೆ ನುಣುಪುಗೊಳಿಸಿ ತಾಯಿಯೇ ಗುರುತಿಸದಂತೆ ಮಾಡುವನು. ಇನ್ನೊಬ್ಬನು ಕಲೆಯನ್ನು ತೆಗೆದರೂ ಮುಖಭಾವವನ್ನು ಉಳಿಸುವನು. ಹೆಣ್ಣು ನೋಡುವುದಕ್ಕೆ ಮುಂಚೆ ಪಟವನ್ನು ಕಳುಹಿಸುವ ವಾಡಿಕೆ ಬೆಳೆದಂತೆ ಮೊದಲನೆಯವನಿಗೆ ಗಿರಾಕಿಗಳು ಹೆಚ್ಚಿದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪುಬಿಳುಪಿನ ಪಟದ ತುಟಿಗೂ ಸೀರೆಯ ಅಂಚಿಗೂ ಕುಂಚದಿಂದ ಬಣ್ಣ ಹಚ್ಚುವವರೂ ಇದ್ದರು. ಹಾಗೆ ಬಣ್ಣ ಹಚ್ಚುವಾಗ ಮೈಬಣ್ಣವನ್ನು ಒಂದೆರಡು ಪಾಲು ಬಿಳುಪಾಗಿಸುವ ದೌರ್ಬಲ್ಯವು ಅಂದೂ ಇತ್ತು. ಅದು ಕ್ಯಾಮೆರಾದ ದೋಷವಾಗಿರದೆ ನಮ್ಮ ಸಮಾಜದ ದೋಷವೇ ಆಗಿತ್ತು.

ಯಂತ್ರಗಳ ನಡುವಣ ಪೈಪೋಟಿಯು ಸಾಮಾನ್ಯರ ಮಾತಿಗೆ ಇಳಿದದ್ದು ರೋಲ್ ಫಿಲ್ಮಿನ ಕಾಲದಲ್ಲಿ. 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ರೋಲೈಫ್ಲೆಕ್ಸನ್ನು ಕೊಳ್ಳಬಲ್ಲವರು ಸಿರಿವಂತರು. ಅದೇ ಮಾದರಿಯಲ್ಲಿ, ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಎರಡು ಕಣ್ಣಿನ ಯಾಶಿಕಾ ಜಪಾನಿನಿಂದ ಬಂದಾಗ ಪೇಟೆಯ ಸ್ಟುಡಿಯೋಗಳಿಗೆ ಜೀವ ಬಂದಿತು. ಮನೆಯ ಬಳಕೆಗೆ ನಮ್ಮ ದೇಶದಲ್ಲಿಯೇ ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ತ್ರೀ ಇತ್ತು. ಬಿಸಿಲು ಮೋಡಗಳ ಗುರುತನ್ನು ನೋಡಿ ಸನ್ನೆಯನ್ನು ಸರಿಸಿ ಗುಂಡಿ ಒತ್ತಿದರೆ ಮುಗಿಯಿತು, ಒಂದು ರೋಲಿಗೆ 12 ಪಟ. ಫಿಲ್ಮಿನಲ್ಲಿಯೂ ಪಕ್ಷಗಳಿದ್ದುವು: ಪೂರ್ವ ಜರ್ಮನಿಯ ಓರ್ವೋ, ಅಮೆರಿಕದ ಕೊಡಕ್, 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸಿನ ಇಂದು. ನಾಲ್ಕು ತಿಂಗಳು ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಮಸೂರದೊಳಗೆ ಬೂಸಲು ಹಬ್ಬದೆ ಉಳಿಯುವ ಕ್ಯಾಮೆರಾವೇ ಶ್ರೇಷ್ಠವೆಂದು ಅನುಭವಿಗಳು ಹೇಳುತ್ತಿದ್ದರು. ಕಪಾಟಿನೊಳಗೆ ಒಂದು ಸಣ್ಣ ಬಲ್ಬನ್ನು ಹಗಲಿರುಳು ಉರಿಸಿ ಕ್ಯಾಮೆರಾವನ್ನು ಬೆಚ್ಚಗಿಡುತ್ತಿದ್ದವರನ್ನು ಕಂಡವರು ಈಗಲೂ ಇದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಅಸಂಖ್ಯ ವಸ್ತುಗಳ ನಡುವೆ ಹಳೆಯ ಕ್ಯಾಮೆರಾಗಳೂ ಉಂಟು. ಕೈಯಲ್ಲಿ ಫೋನು ಹಿಡಿದು ಆ ಗಾಜಿನ ಕಪಾಟುಗಳ ಪಟ ತೆಗೆದುಕೊಂಡು ಮುಂದೆ ಸಾಗುವ ಯಾತ್ರಿಕರಲ್ಲಿ ಕೆಲವರಾದರೂ ಅಲ್ಲಿ ತುಸು ಹೊತ್ತು ನಿಲ್ಲಬೇಕು.

ಪ್ರಾದೇಶಿಕವಾದ ಪರೀಕ್ಷೆಯೊಂದು ನಮ್ಮಲ್ಲಿತ್ತು, ಅದು ರಾತ್ರಿಯದು. ಯಕ್ಷಗಾನದ ರಂಗಸ್ಥಳದಲ್ಲಿ ಗ್ಯಾಸ್‌ಲೈಟು ಉರಿಯುತ್ತಿದ್ದ ದಿನಗಳಲ್ಲಿ ಕುಣಿಯುವ ಬಣ್ಣದ ವೇಷವನ್ನು ಆ ಬೆಳಕಿನಲ್ಲಿಯೇ ಹಿಡಿಯಬಲ್ಲ ಫಿಲ್ಮು ಇರಲಿಲ್ಲ. ಫ್ಲ್ಯಾಷ್ ಹೊಡೆದರೆ ವೇಷವು ಸಿಕ್ಕಿದರೂ ರಾತ್ರಿಯು ಕಳೆದುಹೋಗುತ್ತಿತ್ತು, ಮುಖಕ್ಕೆ ಇಟ್ಟ ಚಿಟ್ಟಿಯ ಅಂಚೂ ಕಿರೀಟದ ಹೊಳಪೂ ಸುಣ್ಣದ ಗೋಡೆಯ ಮುಂದಿಟ್ಟಂತೆ ಚಪ್ಪಟೆಯಾಗುತ್ತಿದ್ದುವು. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದು, ಛಾಯಾಗ್ರಹಣದಲ್ಲಿಯೂ ಕೈಯಾಡಿಸಿದ ಶಿವರಾಮ ಕಾರಂತರಂಥವರಿಗೆ ಈ ತೊಡಕು ಚೆನ್ನಾಗಿ ಗೊತ್ತಿದ್ದಿರಬೇಕು. ಹಗಲಿನಲ್ಲಿ ಕಂಬಳದ್ದು ಇನ್ನೊಂದು ಪರೀಕ್ಷೆ: ಕೆಸರುನೀರು ಆಳೆತ್ತರಕ್ಕೆ ಚಿಮ್ಮುವಾಗ ಹನಿಹನಿಯನ್ನೂ ನಿಲ್ಲಿಸಬೇಕಾದರೆ ಯಾಶಿಕಾಮ್ಯಾಟಿನ ಸೆಕೆಂಡಿನ 500ನೆಯ ಒಂದು ಪಾಲಿನ ವೇಗವೂ ಸಾಲದೆನಿಸುತ್ತಿತ್ತು.

ಬಂಟ್ವಾಳದವರಿಗೆ ಪಟದ ಬೆಲೆಯನ್ನು ಕಲಿಸಿದ್ದು ನೇತ್ರಾವತಿ. 1923ರ ಮಹಾಪ್ರವಾಹವನ್ನು ಹಿರಿಯರು ಮಾತಿನಲ್ಲಿ ದಾಟಿಸಿದರು. ನೀರು ಯಾವ ಮನೆಯ ಯಾವ ಮೆಟ್ಟಿಲಿನವರೆಗೆ ಬಂದಿತ್ತೆಂಬುದೇ ಅದರ ದಾಖಲೆ. 1974ರ ಜುಲೈ 26ರ ನೆರೆಯಲ್ಲಿ ಪೇಟೆಯು ಮತ್ತೆ ಮುಳುಗಿದಾಗ ಕ್ಯಾಮೆರಾಗಳಿದ್ದುವು, ಆದರೆ ಕೆಲವೇ ಕೆಲವು. ಮನೆಯ ಸಾಮಾನನ್ನು ಅಟ್ಟಕ್ಕೆ ಏರಿಸುವ ಗಡಿಬಿಡಿಯಲ್ಲಿ ಅವನ್ನು ಹಿಡಿಯುವ ಪುರಸೊತ್ತು ಯಾರಿಗಿತ್ತು! ಅದೇ ನೀರಿನಲ್ಲಿ ಗೋಡೆಯ ಮೇಲಿದ್ದ ಹಳೆಯ ಪಟಗಳೂ ನೆನೆದು ಹಾಳಾಗುವುದು ನೆರೆಯ ಊರುಗಳ ದುರ್ದೈವ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಸುತ್ತಮುತ್ತ ಗುಡ್ಡಗಳು ಕುಸಿದು ತೋಡುಗಳು ಹೊಳೆಗಳಾದಾಗಲಾದರೋ, ಗಂಟೆ ಕಳೆಯುವುದರೊಳಗೆ ಆ ದೃಶ್ಯಗಳು ಊರೂರಿಗೆ ಹರಿದುವು. ಅವುಗಳಲ್ಲಿ ಅನೇಕವನ್ನು ತೆಗೆದದ್ದು ಅಗ್ಗದ ಫೋನುಗಳು, ಮಳೆಹನಿ ಅಂಟಿದ ಮಸೂರಗಳು, ನಡುಗುವ ಕೈಗಳು. ಯಾವ ಕ್ಯಾಮೆರಾ ಉತ್ತಮವೆಂಬ ಪ್ರಶ್ನೆಯು ಆ ಹೊತ್ತಿಗೆ ಯಾರಿಗೂ ತೋಚಿರಲಾರದು.

ತುಲನೆಗೆ ನಿಜವಾದ ಒರೆಗಲ್ಲನ್ನು ಹುಡುಕುವವರು ವೇಣೂರಿಗೆ ಹೋಗಬೇಕು. ಅಜಿಲ ವಂಶದ ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ, 35 ಅಡಿ ಎತ್ತರದ ಗೊಮ್ಮಟನಿಗೆ 2000, 2012, 2024 ಎಂದು 12 ವರ್ಷಗಳ ಅಂತರದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತಷ್ಟೆ. ಅದೇ ಶಿಲೆ, ಅದೇ ಹಾಲು, ಕ್ಯಾಮೆರಾಗಳು ಮಾತ್ರ ಮೂರು ತಲೆಮಾರಿನವು. 2000ದಲ್ಲಿ ಫಿಲ್ಮಿನ ಆಳ್ವಿಕೆ: ರೋಲುಗಳನ್ನು ಲೆಕ್ಕವಿಟ್ಟು ಬಳಸಿ, ತೊಳೆಯಲೆಂದು ಮಂಗಳೂರಿನ ಕಲರ್ ಲ್ಯಾಬಿಗೆ ಮುಟ್ಟಿಸಿ, ಏನು ಬಂದಿದೆಯೋ ಎಂದು ಕಾಯಬೇಕು. ಅದೇ ವರ್ಷದ ಕೊನೆಗೆ ಜಪಾನಿನಲ್ಲಿ ಶಾರ್ಪ್ ಕಂಪೆನಿಯ ಕ್ಯಾಮೆರಾ ಫೋನು ಮಾರಾಟಕ್ಕೆ ಬಂದುದನ್ನು ಇಲ್ಲಿ ಯಾರು ಬಲ್ಲರು? ಅದರ ಪಟದಲ್ಲಿ ಇದ್ದುದು 1,10,000 ಬಿಂದುಗಳಷ್ಟೇ. 2012ರ ಹೊತ್ತಿಗೆ ವೃತ್ತಿನಿರತರ ಕೊರಳಲ್ಲಿ ಡಿಜಿಟಲ್ ಎಸ್‌ಎಲ್‌ಆರ್‌ಗಳು ತೂಗಾಡಿದುವು. ಕೊಡಕ್ ಕಂಪೆನಿಯು ದಿವಾಳಿಯ ಅರ್ಜಿ ಹಾಕಿದ್ದೂ, 41 ಮೆಗಾಪಿಕ್ಸೆಲಿನ ನೋಕಿಯಾ ಫೋನು ಹೊರಬಂದದ್ದೂ ಆ ವರ್ಷವೇ. 2024ರಲ್ಲಿ ಎತ್ತಿದ ಕೈಗಳೆಲ್ಲವೂ ಫೋನುಗಳಾಗಿದ್ದುವು.

ಅಭಿಷೇಕದ ದ್ರವ್ಯಗಳಿಗಿಂತ ಕಠಿನವಾದ ಬಣ್ಣದ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯೂ ಒಡ್ಡಲಾರದು. ಕಪ್ಪು ಕಲ್ಲಿನ ಮೇಲೆ ಹಾಲು ಸುರಿಯುವಾಗ ಬಿಳುಪಿನಲ್ಲಿ ಎಳೆಗಳು ಉಳಿಯಬೇಕು, ಒಡನೆಯೇ ಬರುವ ಅರಶಿನದಲ್ಲಿ ಹಳದಿಯು ಕಿತ್ತಳೆಯಾಗಬಾರದು, ಚಂದನವೂ ಕಷಾಯವೂ ಒಂದೇ ಕಂದಾಗಬಾರದು, ಕುಂಕುಮದ ಕೆಂಪು ಒಡೆದು ಹರಡಬಾರದು. ಸ್ಯಾಮ್‌ಸಂಗಿನ ಫೋನು ಬಣ್ಣವನ್ನು ಗಾಢಗೊಳಿಸುತ್ತದೆ, ಐಫೋನು ಬೆಚ್ಚನೆಯ ಛಾಯೆಗೆ ಒಲಿಯುತ್ತದೆ, ಗೂಗಲಿನ ಪಿಕ್ಸೆಲ್ ನೆರಳು ಬೆಳಕುಗಳ ಅಂತರವನ್ನು ಎತ್ತಿಹಿಡಿಯುತ್ತದೆ ಎಂಬ ಮಾತು ಬಳಕೆದಾರರಲ್ಲಿ ರೂಢವಾಗಿದೆ. ಹೊಸ ಮಾದರಿ ಬಂದಂತೆ ಈ ಗುಣಗಳು ತುಸು ತುಸು ಬದಲಾಗುವುವಾದರೂ, ಒಂದೊಂದು ಕಂಪೆನಿಗೆ ಒಂದೊಂದು ಕೈ ಇದೆಯೆಂಬುದು ದಿಟ. ಹಳೆಯ ಜರ್ಮನ್ ಮಸೂರಕಾರರಾದ ಝೈಸ್, ಲೈಕಾಗಳ ಹೆಸರುಗಳೂ ಸ್ವೀಡನಿನ ಹ್ಯಾಸಲ್‌ಬ್ಲಾಡಿನ ಹೆಸರೂ ಇಂದು ಚೀನಾ ದೇಶದ ವಿವೋ, ಶಓಮಿ, ಒಪ್ಪೋ ಫೋನುಗಳ ಬೆನ್ನಮೇಲೆ ಮಿಂಚುತ್ತಿದ್ದರೂ ನಂಬಿಕೆ ಬರುವಷ್ಟು ಗಾಜು ಆ ತೆಳುವಾದ ದೇಹದೊಳಗೆ ಹಿಡಿಯುವುದಿಲ್ಲ. ಯಾಶಿಕಾದ ಚೌಕಾಕಾರದ ನೆಗೆಟಿವಿನ ಒಂದು ಬದಿ 56 ಮಿಲಿಮೀಟರು. ಫೋನುಗಳಲ್ಲಿ ಅತಿ ದೊಡ್ಡದೆಂದು ಹೊಗಳಿಸಿಕೊಳ್ಳುವ ಒಂದಿಂಚಿನ ಸೆನ್ಸರು 13.2ಕ್ಕೆ 8.8 ಮಿಲಿಮೀಟರು. ಲೆಕ್ಕ ಹಾಕಿದರೆ ಹಳೆಯದರ ವಿಸ್ತಾರವು ಹೊಸದರ ಸುಮಾರು 27 ಪಟ್ಟಾಗುತ್ತದೆ.

ಈ ಕೊರತೆಯನ್ನು ತುಂಬುವುದು ಗಣಿತ. ಗುಂಡಿಯನ್ನು ಒಮ್ಮೆ ಒತ್ತಿದಾಗ ಫೋನು ಹಲವು ಪಟಗಳನ್ನು ತೆಗೆದು, ಅವುಗಳನ್ನು ಒಂದರ ಮೇಲೊಂದು ಹೊಂದಿಸಿ, ಕಾಳುಕಾಳಾದ ಮಸುಕನ್ನು ಕಳೆದು, ನೆರಳನ್ನು ಎತ್ತಿ, ಬಿಳುಪನ್ನು ಇಳಿಸಿ, ಮುಖವನ್ನು ಗುರುತಿಸಿ ಬೆಳಗಿಸುತ್ತದೆ. 2018ರಲ್ಲಿ ಪಿಕ್ಸೆಲಿಗೆ ಬಂದ ರಾತ್ರಿನೋಟದ ಸೌಲಭ್ಯವು ಗ್ಯಾಸ್‌ಲೈಟಿನ ಕಾಲದವರು ಕನಸಿನಲ್ಲಿಯೂ ಎಣಿಸದಿದ್ದುದನ್ನು ಸಾಧಿಸಿತು. ಆದರೆ ಹೀಗೆ ಪೇರಿಸುವ ವಿಧಾನಕ್ಕೆ ಚಲನೆಯೇ ಶತ್ರು. ಯಕ್ಷಗಾನದಲ್ಲಿ ನಿಂತ ವೇಷವು ಸೊಗಸಾಗಿ ಬರುತ್ತದೆ, ಧೀಂಗಿಣ ಹೊಡೆಯುವ ವೇಷವು ಕಲಸಿಹೋಗುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಕೆತ್ತಿರುವ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ದೂರದಿಂದ ಹಿಗ್ಗಿಸಿ ತೆಗೆದು ನೋಡಿದರೆ, ಸವೆದ ಕಲ್ಲಿನ ಒರಟನ್ನು ಒಂದು ಫೋನು ಉಳಿಸಿಕೊಳ್ಳುತ್ತದೆ, ಇನ್ನೊಂದು ಅದನ್ನು ಮೇಣದಂತೆ ನುಣುಪಾಗಿಸುತ್ತದೆ. ಇನ್ನೂ ಮುಂದೆ ಹೋಗಿ ಇಲ್ಲದುದನ್ನು ತಂದು ತುಂಬುವುದೂ ಉಂಟು. 2023ರಲ್ಲಿ ಸ್ಯಾಮ್‌ಸಂಗ್ ಫೋನಿನ ಚಂದ್ರನ ಪಟಗಳ ಕುರಿತು ಎದ್ದ ವಿವಾದದ ತಿರುಳೂ ಇದೇ: ಬೇಕೆಂದೇ ಮಸುಕುಗೊಳಿಸಿದ ಚಂದ್ರಬಿಂಬದಲ್ಲಿಯೂ ಫೋನು ಕುಳಿಗಳನ್ನು ಮೂಡಿಸಿತೆಂದು ಒಬ್ಬನು ತೋರಿಸಿದಾಗ, ಚಂದ್ರನನ್ನು ಗುರುತಿಸಿ ವಿವರವನ್ನು ಹೆಚ್ಚಿಸುವ ಕೃತಕ ಬುದ್ಧಿಮತ್ತೆಯು ಅದರಲ್ಲಿದೆಯೆಂದು ಕಂಪೆನಿಯು ವಿವರಿಸಬೇಕಾಯಿತು. ಪೆನ್ಸಿಲು ಹಿಡಿದ ನಮ್ಮ ಟಚಿಂಗಿನವನು ಇದನ್ನು ಕೇಳಿದ್ದರೆ ಅಚ್ಚರಿಪಡುತ್ತಿರಲಿಲ್ಲವೆಂದು ತೋರುತ್ತದೆ. ಅವನನ್ನಾದರೂ ಎದುರು ಕುಳಿತು ಇಷ್ಟು ಸಾಕೆಂದು ತಡೆಯಬಹುದಾಗಿತ್ತು.

ಸ್ಟುಡಿಯೋಗಳು ಈ ಮೂರು ಪೇಟೆಗಳಲ್ಲಿ ಇನ್ನೂ ಬಾಗಿಲು ತೆರೆದಿವೆ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ನಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಪ್ರತ್ಯೇಕ ವಲಯಗಳೇ ಇವೆ. ಮದುವೆಯ ಕೆಲಸವನ್ನು ಬಿಟ್ಟರೆ ಅವರಿಗೆ ಉಳಿದಿರುವ ಒಂದು ಮುಖ್ಯ ವೃತ್ತಿ, ತೀರಿಹೋದವರ ಪಟವನ್ನು ಬೊಜ್ಜದ ದಿನಕ್ಕೆ ದೊಡ್ಡದು ಮಾಡಿಕೊಡುವುದು. ಫೋನುಗಳ ಹೋಲಿಕೆಯು ಕಡ್ಡಾಯವಾಗಿ ನಡೆಯುವುದೂ ಅಲ್ಲಿಯೇ, ಆ ಮೇಜಿನ ಮೇಲೆಯೇ. ಯಾವುದೋ ಗೃಹಪ್ರವೇಶದಲ್ಲಿ ಹತ್ತು ಜನರ ನಡುವೆ ನಿಂತ ಅಜ್ಜನ ಮುಖವನ್ನು ಬೇರ್ಪಡಿಸಿ 12ಕ್ಕೆ 18 ಇಂಚಿಗೆ ಹಿಗ್ಗಿಸಿದಾಗ, 200 ಮೆಗಾಪಿಕ್ಸೆಲಿನ ಫೋನಿನ ಪಟವೂ ಹಲವೊಮ್ಮೆ ಹುಬ್ಬನ್ನು ಬಣ್ಣದ ಗೀಟಾಗಿ ಮಾಡಿಬಿಟ್ಟಿರುತ್ತದೆ. ಏಕೆಂದರೆ ಸೊಸೆಯ ಫೋನಿನಿಂದ ಮಗನ ಫೋನಿಗೆ, ಅಲ್ಲಿಂದ ಕುಟುಂಬದ ಗುಂಪಿಗೆ ವಾಟ್ಸಾಪಿನಲ್ಲಿ ಹಾದು ಬರುವಾಗ ಆ ಪಟವು ಕುಗ್ಗಿ ಕುಗ್ಗಿ, ಲಕ್ಷ ರೂಪಾಯಿಯ ಫೋನಿಗೂ ಹತ್ತು ಸಾವಿರದ ಫೋನಿಗೂ ಇದ್ದ ಭೇದವೆಲ್ಲ ಅಳಿದುಹೋಗಿರುತ್ತದೆ. ಸ್ಟುಡಿಯೋದವರು ಆಗ ಫೋನಿನ ಹೆಸರನ್ನು ಕೇಳುವುದಿಲ್ಲ. ತೆಗೆದವರ ಕೈಯಿಂದಲೇ, ಡಾಕ್ಯುಮೆಂಟ್ ಆಗಿ, ಇನ್ನೊಮ್ಮೆ ಕಳುಹಿಸಿಕೊಡಿ ಎನ್ನುತ್ತಾರೆ.